ಬೆಳಗಿನ ಪಾಳಿ

ಪರದೆಯ ಮೇಲೆ ಹಿತೈಷಿಯ ಸಾಲು ಇವತ್ತೂ ಬಂದು ಕೂತಿತ್ತು. ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಓದಿದ. ಒರೆಸಿದ್ದರಿಂದ ಸಾಲೇನೂ ಬದಲಾಗಿರಲಿಲ್ಲ. ‘ಬೆಳಗಿನ ಪಾಳಿಯಲ್ಲಿ ಟೀಚರ್ ಇಲ್ಲವಲ್ಲ’. ಬರೆದ ಹೊತ್ತು ಬೆಳಿಗ್ಗೆ ಏಳು ಮುಕ್ಕಾಲು. ಹೆಸರು ಕೊಡಲೊಲ್ಲದವರು ಯಾರೇ ಬರೆದರೂ ದೇಣಿಗೆಯ ಪುಟ ತಾನಾಗಿಯೇ ಅವರನ್ನು ‘ಹಿತೈಷಿ’ ಎಂದು ತೋರಿಸುತ್ತದೆಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದು ಏನು ಪ್ರಯೋಜನ? ಇಪ್ಪತ್ತೆರಡು ವರ್ಷ ಪತ್ರಿಕೆಯೊಂದರಲ್ಲಿ ಪ್ರೂಫ್ ನೋಡಿದವನು ಅವನು. ಸಂಪಾದಕರ ಮೇಜಿಗೆ ಬರುತ್ತಿದ್ದ ಚಾಡಿ ಪತ್ರಗಳೆಲ್ಲ ‘ಇಂತಿ ತಮ್ಮ ಹಿತೈಷಿ’ ಎಂದೇ ಮುಗಿಯುತ್ತಿದ್ದವು. ಹಿತ ಬಯಸುವವರು ಯಾವತ್ತೂ ಹೆಸರು ಬರೆದದ್ದನ್ನು ಅವನು ಕಂಡಿರಲಿಲ್ಲ. ಈ ಸಾಲಿನ ಕೊನೆಗೆ ಪೂರ್ಣವಿರಾಮ ಕೂಡ ಇಲ್ಲ. ಇನ್ನೂ ಹೇಳುವುದಿದೆ, ಕಾಯ್ತಿರು ಮಗನೇ, ಎನ್ನುವ ಹಾಗೆ ಬಾಯಿ ತೆರೆದುಕೊಂಡೇ ಇತ್ತು.

ಪುಟ ಅವನದೇ ಕೈಕೂಸು. ಕಾಯಿಲೆ ಊರನ್ನು ಹಿಡಿದು, ಬಸ್ಸುಗಳೆಲ್ಲ ನಿಂತು, ಇದು ಐದನೆಯ ವಾರ. ಅವನ ಭಾವ, ಅಂದರೆ ಅಕ್ಕನ ಗಂಡ, ಔಷಧಿ ಅಂಗಡಿಯ ಜೊತೆಗೆ ನಡೆಸುವ ಪುಟ್ಟ ಟ್ರಸ್ಟಿಗೆ ಇರುವುದು ಒಂದೇ ವ್ಯಾನು, ಒಬ್ಬನೇ ಡ್ರೈವರು, ಒಂದೇ ಕೆಲಸ. ಕಿಡ್ನಿ ಕೈಕೊಟ್ಟ ಹನ್ನೊಂದು ಮಂದಿಯನ್ನು ವಾರಕ್ಕೆ ಮೂರು ದಿನ ಮನೆಬಾಗಿಲಿಂದ ಹತ್ತಿಸಿಕೊಂಡು ಆಸ್ಪತ್ರೆಗೆ ಡಯಾಲಿಸಿಸ್ಸಿಗೆ ಬಿಡುವುದು, ಮುಗಿದ ಮೇಲೆ ಮನೆಗೆ ಮುಟ್ಟಿಸುವುದು. ಬಸ್ಸು ನಿಂತ ವಾರವೇ ಮೆಕ್ಯಾನಿಕ್ಕು ಇಂಜಿನ್ನಿಗೆ ಕಿವಿಯಿಟ್ಟು ಕೇಳಿ, ದೊಡ್ಡ ಡಾಕ್ಟರ ಗತ್ತಿನಲ್ಲಿ ತಲೆಯಾಡಿಸಿ, ಹೆಚ್ಚೆಂದರೆ ಇನ್ನೆರಡು ತಿಂಗಳು ಎಂದಿದ್ದ. ಇಂಜಿನ್ ಬದಲಾಗದಿದ್ದರೆ ಹನ್ನೊಂದು ಮಂದಿ ನಡೆದೇ ಹೋಗಬೇಕು. ಆ ಜನ ಎರಡು ಸಲ ಡಯಾಲಿಸಿಸ್ ತಪ್ಪಿಸಿದರೆ ಮೂರನೆಯ ಸಲ ಹೋಗುವ ಅಗತ್ಯವೇ ಬೀಳುವುದಿಲ್ಲ. ಊರಿನವರು ದುಡ್ಡು ಹಾಕಲೆಂದು ಇಂಟರ್‌ನೆಟ್ಟಿನಲ್ಲಿ ಪುಟವೊಂದನ್ನು ತೆರೆದದ್ದು ಆಗ. ಪತ್ರಿಕೆ ಮುಚ್ಚಿದ ಮೇಲೆ ಅಕ್ಕನ ಮನೆಯ ಅನ್ನ ತಿಂದುಕೊಂಡು, ಅಂಗಡಿಯ ಹಿಂದಿನ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಅತ್ತಿಂದಿತ್ತ ಜೋಡಿಸಿಕೊಂಡಿದ್ದ ಅವನಿಗೆ ಭಾವ, ‘ನೀನು ಅಕ್ಷರದ ಮನುಷ್ಯ, ಬರಿ’ ಎಂದಿದ್ದರು. ಬರೆದ. ವ್ಯಾನಿನ ಬಾಗಿಲಲ್ಲಿ ನಿಂತು ಒಂದು ಫೋಟೋನೂ ಹಿಡಿದ. ಕಿಟಕಿಯ ಪಕ್ಕ ಕೂತ ರಿಟೈರ್ಡ್ ಟೀಚರು, ಮಾಸ್ಕಿನ ಮೇಲೆ ಬರೀ ಕಣ್ಣಿನಲ್ಲೇ ನಕ್ಕದ್ದು. ಅದರ ಕೆಳಗೆ ದಪ್ಪಕ್ಷರದಲ್ಲಿ: ‘ಟೀಚರಿಗೆ ವಾರಕ್ಕೆ ಮೂರು ದಿನ ಒಂದು ಕಿಟಕಿ ಸೀಟು ಬೇಕು.’ ಬರೆದು ಮುಗಿಸಿದಾಗ ತನ್ನ ಕೈಯನ್ನು ತಾನೇ ಮೆಚ್ಚಿಕೊಂಡಿದ್ದ. ಜನವೂ ಮೆಚ್ಚಿದರು. ಟೀಚರಿಗೆ ಬೇಗ ಗುಣವಾಗಲಿ, ಟೀಚರ್ ನಗು ನೋಡಿ ನಮ್ಮಮ್ಮನ ನೆನಪಾಯಿತು, ಎಂದೆಲ್ಲ ಬರೆದು ಹಣ ಹಾಕಿದರು.

ಒಂಬತ್ತನೆಯ ದಿನ, ಭಾನುವಾರ, ಟೀಚರು ತೀರಿಕೊಂಡರು. ಡಯಾಲಿಸಿಸ್ ಇಲ್ಲದ ಎರಡು ದಿನದ ಬಿಡುವಿನಲ್ಲಿ ಮೈಯಲ್ಲಿ ನೀರು ತುಂಬಿ ಎದೆಬಡಿತ ನಿಂತಿತ್ತು. ಅವರ ತಂಗಿ ಫೋನ್ ಮಾಡಿ, ನಾಳೆಯಿಂದ ವ್ಯಾನು ನಮ್ಮ ಬಾಗಿಲಿಗೆ ಬರೋದು ಬೇಡ ಎಂದಷ್ಟೇ ಹೇಳಿದಳು. ಪುಟದಿಂದ ಫೋಟೋ ತೆಗೆದುಹಾಕೋಣವೇ ಎಂದು ಅವನು ಕೇಳಿದಾಗ ಭಾವ ಗುಳಿಗೆಯ ಪಟ್ಟಿಯನ್ನು ಕತ್ತರಿಯಲ್ಲಿ ಕತ್ತರಿಸುತ್ತ ತಲೆಯೆತ್ತದೆ, ಉಳಿದ ಹತ್ತು ಮಂದಿ ಇನ್ನೂ ಉಸಿರಾಡುತ್ತಿದ್ದಾರಲ್ಲ, ಅವರ ಮುಖಗಳು ಫೋಟೋದಲ್ಲಿ ಅಷ್ಟು ಚೆನ್ನಾಗಿ ಬರುವುದಿಲ್ಲ ಎಂದರು. ಅವನು ಸುಮ್ಮನಾದ. ಇಲ್ಲ, ಸುಮ್ಮನಾದದ್ದು ಭಾವನ ಮಾತಿಗಲ್ಲ. ತಾನು ಬರೆದ ಆ ತಲೆಬರಹವನ್ನು ಅಳಿಸುವುದಕ್ಕೆ ಮನಸ್ಸು ಬರಲಿಲ್ಲ. ಇದನ್ನು ಅವನು ತನಗೆ ತಾನೇ ಒಪ್ಪಿಕೊಂಡದ್ದು ಒಂದೇ ಸಲ, ಸ್ನಾನ ಮಾಡುವಾಗ, ಆಮೇಲೆ ಜೋರಾಗಿ ನೀರು ಸುರಿದುಕೊಂಡಿದ್ದ.

ಆ ವಾರವೇ ಹಿತೈಷಿಯ ಮೊದಲ ಪ್ರಶ್ನೆ ಬಂತು. ಟೀಚರ್ ಹೇಗಿದ್ದಾರೆ? ಇಂಥ ಪ್ರಶ್ನೆ ನೂರು ಬರುತ್ತಿದ್ದವು. ಚೆನ್ನಾಗಿದ್ದಾರೆ ಎಂದು ಬರೆದ. ಎರಡು ದಿನ ಬಿಟ್ಟು ಇನ್ನೊಂದು: ಅವರ ಸೀಟು ಖಾಲಿ ಯಾಕಿದೆ? ಅದನ್ನು ಅವನು ಎರಡು ಸಲ ಓದಿದ. ಸೀಟು ಖಾಲಿ ಇರುವುದು ವ್ಯಾನಿನ ಒಳಗೆ ಇಣುಕಿದವನಿಗಲ್ಲದೆ ಇನ್ನಾರಿಗೆ ಗೊತ್ತು? ಗಾಬರಿಯಲ್ಲಿ ಅವನಿಗೆ ಕೈಗೆ ಸಿಕ್ಕಿದ್ದು ಡ್ರೈವರ ಬಾಯಿಯ ಸಿದ್ಧ ಉತ್ತರ. ವ್ಯಾನಿನಲ್ಲಿ ಒಂದು ಪದ್ಧತಿಯಿತ್ತು. ಯಾರಾದರೂ ಸತ್ತರೆ ಅಲ್ಲಿ ಸತ್ತರೆಂದು ಹೇಳುವುದಿಲ್ಲ. ‘ಅವರು ಬೆಳಗಿನ ಪಾಳಿಗೆ ಹೋದ್ರು’ ಎಂದು ಡ್ರೈವರು ಒಂದು ಸಲ ಹೇಳುತ್ತಾನೆ, ಆ ಸೀಟಿನ ಮೇಲೆ ವಾರ ಹದಿನೈದು ದಿನ ತನ್ನ ನೀರಿನ ಕ್ಯಾನು ಇಡುತ್ತಾನೆ. ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ ಎಂಬುದು ನಿಜಕ್ಕೂ ಇದೆ, ಆರಕ್ಕೆ ಶುರು, ವ್ಯಾನು ಹೋಗುವುದು ಮಾತ್ರ ಹನ್ನೊಂದರ ಪಾಳಿಗೆ. ಹೇಳಿದ್ದನ್ನು ಎಲ್ಲರೂ ಕೇಳಿಸಿಕೊಳ್ಳುತ್ತಾರೆ, ಯಾರೂ ಎದುರು ಪ್ರಶ್ನೆ ಕೇಳುವುದಿಲ್ಲ. ಕಿಟಕಿಯಾಚೆ ನೋಡುತ್ತಾರೆ. ಅವನು ಆ ಮಾತನ್ನೇ ಪುಟದಲ್ಲಿ ಬರೆದ: ‘ಟೀಚರ್ ಈಗ ಬೆಳಗಿನ ಪಾಳಿಗೆ ಹೋಗುತ್ತಿದ್ದಾರೆ. ಆರೋಗ್ಯವಾಗಿದ್ದಾರೆ.’ ಎರಡು ವಾಕ್ಯ, ಎರಡು ಪೂರ್ಣವಿರಾಮ, ಒಂದು ತಪ್ಪೂ ಇಲ್ಲ. ಈಗ ಹಿತೈಷಿ ಹೋಗಿ ಬೆಳಗಿನ ಪಾಳಿಯನ್ನೂ ನೋಡಿಕೊಂಡು ಬಂದಿದ್ದಾನೆ.

ಯಾರಿರಬಹುದು? ಹಳೆಯ ಪತ್ರಿಕೆಯ ವರದಿಗಾರನೊಬ್ಬ ಹೋದ ವಾರ ಫೋನ್ ಮಾಡಿ, ನಿಮ್ಮ ಟೀಚರ್ ಕಥೆ ಭಾರಿ ಓಡ್ತಾ ಇದೆಯಂತಲ್ಲ ಮಾರಾಯ, ಎಂದು ನಕ್ಕಿದ್ದ. ಆ ನಗು ಈಗ ನೆನಪಾಗಿ ಬೇರೆ ಥರ ಕೇಳಿಸಿತು. ನಗುವವನಿಗೆ ನಗಲು ಕಾರಣವೂ ಇತ್ತು. ವರ್ಷಗಳ ಹಿಂದೆ ನಿಧನ ವಾರ್ತೆಯ ಅಂಕಣದಲ್ಲಿ ಸತ್ತವನ ಹೆಸರಿನ ಮೇಲೆ ಬದುಕಿದ್ದವನೊಬ್ಬನ ಫೋಟೋ ಬಂದು, ಅದು ಇವನ ಕಣ್ಣು ತಪ್ಪಿ ಹೋಗಿತ್ತು. ಮರುದಿನ ಆ ಮನುಷ್ಯ ಕೊಡೆ ಹಿಡಿದುಕೊಂಡು ಬಂದು ಇವನ ಮೇಜಿನ ಮುಂದೆ ನಿಂತು, ‘ನಾನು ಇದ್ದೀನಲ್ಲ ಸ್ವಾಮಿ’ ಎಂದಿದ್ದ. ಸಿಟ್ಟಿರಲಿಲ್ಲ. ಇದ್ದೇನೆಂದು ಖಚಿತ ಮಾಡಿಕೊಳ್ಳಲು ಬಂದವನಂತೆ ಕಂಡ. ಇಡೀ ವಿಭಾಗ ಕುರ್ಚಿ ತಿರುಗಿಸಿ ನೋಡುತ್ತಿತ್ತು, ಸಂಪಾದಕರು ಇವನನ್ನು ಎಬ್ಬಿಸಿ ನಿಲ್ಲಿಸಿ ಕ್ಷಮೆ ಕೇಳಿಸಿದರು. ಆಮೇಲೆ ಎಷ್ಟೋ ದಿನ ಕ್ಯಾಂಟೀನಿನಲ್ಲಿ ಹುಡುಗರು ಇವನನ್ನು ಕಂಡರೆ, ‘ನಾವು ಇದ್ದೀವಲ್ಲ ಸ್ವಾಮಿ’ ಎನ್ನುತ್ತಿದ್ದರು. ಈಗ ಲೆಕ್ಕ ಸರಿಹೋಯಿತು ಅಂದುಕೊಂಡ. ಆಗ ಇದ್ದವನನ್ನು ಸಾಯಿಸಿದ್ದೆ, ಈಗ ಸತ್ತವರನ್ನು ಇಟ್ಟುಕೊಂಡಿದ್ದೇನೆ. ಈ ಚಮತ್ಕಾರದ ಮಾತು ಹೊಳೆದದ್ದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಭಾವ ಒಳಗೆ ಬಂದು ಪೆಟ್ಟಿಗೆಯೊಂದರ ಮೇಲೆ ಕೂತು, ಇವತ್ತು ಎಷ್ಟಾಯಿತು ಎಂದು ಕೇಳಿದರು. ಮುಕ್ಕಾಲು ಭಾಗ ಬಂದಿದೆ ಎಂದು ಹೇಳಿ ಅವನು ಹಿತೈಷಿಯ ಸಾಲನ್ನು ತೋರಿಸಿದ. ಭಾವ ಓದಿದರು. ಓದುವಾಗ ಅವರ ಹುಬ್ಬು ಒಂದಿಷ್ಟೂ ಅಲುಗಲಿಲ್ಲ. ಅದೇ ಅವನಿಗೆ ಸಂಶಯ ಹುಟ್ಟಿಸಿದ್ದು. ಮನುಷ್ಯನಾದವನು ಇಂಥದ್ದನ್ನು ಮೊದಲ ಸಲ ಓದಿದರೆ ಏನಾದರೂ ಅಲುಗಬೇಕಲ್ಲ? ಹೋದ ತಿಂಗಳು ಇದೇ ಭಾವ ಪುಟದ ಪಾಸ್‌ವರ್ಡ್ ಕೇಳಿ ಬರೆದುಕೊಂಡಿದ್ದರು. ಅಕ್ಕನೊಂದಿಗೆ ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಏನೋ ಹೇಳುತ್ತಿದ್ದವರು ಇವನು ನೀರಿಗೆಂದು ಹೋದ ಕೂಡಲೇ ಮಾತು ನಿಲ್ಲಿಸಿದ್ದರು. ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆಯೇ? ನಾಳೆ ಏನಾದರೂ ರಾದ್ಧಾಂತವಾದರೆ ಬರೆದವನು ಅವನು, ನನಗೇನೂ ಗೊತ್ತಿಲ್ಲ ಎನ್ನುವುದಕ್ಕೆ ದಾರಿ ಮಾಡಿಕೊಳ್ಳುತ್ತಿದ್ದಾರೆಯೇ?

“ಅಳಿಸಿಬಿಡು,” ಎಂದರು ಭಾವ ಎದ್ದು ಪ್ಯಾಂಟು ಕೊಡವಿಕೊಳ್ಳುತ್ತ. “ಇನ್ನೊಂದು ವಾರ ತಡ್ಕೊ. ಇಂಜಿನ್ ಬರಲಿ, ಆಮೇಲೆ ನೀನು ಹರಿಶ್ಚಂದ್ರನಾಗು, ಯಾರು ಬೇಡ ಅಂತಾರೆ.”

ಅವನು ಅಳಿಸಲಿಲ್ಲ. ಅಳಿಸಿದರೆ ಹಿತೈಷಿಗೆ ಗೊತ್ತಾಗುತ್ತದೆ, ಹೆದರಿದ ಎಂದು. ಒಂಬತ್ತು ಗಂಟೆಗೆ ಡ್ರೈವರು ಪೆಟ್ರೋಲಿನ ಚೀಟಿಗೆ ಬಂದಾಗ, ದಿನವೂ ತಾನೇ ಬರೆದುಕೊಡುವ ಚೀಟಿಯನ್ನು ಇವತ್ತು ನೀನೇ ಬರಿ ಎಂದು ಪೆನ್ನು ಮುಂದೆ ತಳ್ಳಿದ. ಕೈ ನೋವು ಎಂದ. ಅದು ಸಾಲದೆಂದು, ವ್ಯಾನಿನಲ್ಲಿ ಯಾರ ಸೀಟು ಖಾಲಿಯಿದೆ ಅದನ್ನೂ ಒಂದು ಸಾಲು ಬರೆದುಕೊಡು, ದಾಖಲೆಗೆ ಬೇಕು ಎಂದ. ಡ್ರೈವರು ನಾಲಿಗೆ ಕಚ್ಚಿಕೊಂಡು, ಮೂರು ಕಡೆ ಕಾಟು ಹೊಡೆದು ಬರೆದ. ಪ್ರೂಫ್ ನೋಡಿದ ಕಣ್ಣು ಆ ಚೀಟಿಯ ಮೇಲೆ ಬಿತ್ತು. ಪ್ರತಿ ಪದದ ನಂತರವೂ ಡ್ರೈವರು ಪೂರ್ಣವಿರಾಮ ಇಟ್ಟಿದ್ದ, ಬೀಗ ಜಡಿದ ಹಾಗೆ. ಹಿತೈಷಿಯ ಕೈಯಲ್ಲ. ಅಥವಾ ಬೇಕೆಂದೇ ಹಾಗೆ ಬರೆದಿರಬಹುದೇ? ಅವನು ಚೀಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿರುವುದನ್ನು ಡ್ರೈವರು ನೋಡುತ್ತಿದ್ದ.

“ನನ್ನ ಕೈಲಿ ಪರೀಕ್ಷೆ ಬರೆಸ್ತಿದ್ದೀರಾ ಪ್ರೂಫ್ ಸಾರ್?” ಎಂದ ಕೊನೆಗೆ. “ಪಾಸಾದ್ನಾ?”

ಅವಮಾನದಿಂದ ಮುಖ ಬಿಸಿಯಾಗಿ, ಅದನ್ನು ಮುಚ್ಚಿಕೊಳ್ಳುವ ಭರದಲ್ಲಿ ಅವನು ಇವತ್ತು ನಾನೂ ಆಸ್ಪತ್ರೆಗೆ ಬರುತ್ತೇನೆ ಎಂದುಬಿಟ್ಟ. ವ್ಯಾನಿನಲ್ಲಿ ಡ್ರೈವರ ಪಕ್ಕ ಕೂತ. ಅಂಗಡಿಗಳ ಶಟರುಗಳೆಲ್ಲ ಎಳೆದಿದ್ದವು. ಅಡ್ಡರಸ್ತೆಯೊಂದರಲ್ಲಿ ಹೆಂಗಸೊಬ್ಬಳು ಮೂರನೆಯ ಮಹಡಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು ತರಕಾರಿ ಮೇಲೆಳೆದುಕೊಳ್ಳುತ್ತಿದ್ದಳು. ಒಬ್ಬೊಬ್ಬರನ್ನೇ ಹತ್ತಿಸಿಕೊಳ್ಳುತ್ತ ಹೋದಂತೆ ಅವನು ಕನ್ನಡಿಯಲ್ಲಿ ಅವರ ಮುಖಗಳನ್ನು ನೋಡುತ್ತಿದ್ದ. ಮಾಸ್ಕಿನ ಮೇಲಿನ ಕಣ್ಣುಗಳು, ಎಡದೋಳಲ್ಲಿ ಹುರಿಯಂತೆ ಉಬ್ಬಿದ ನರಗಳು, ತೊಡೆಯ ಮೇಲೆ ಮಡಚಿಟ್ಟ ಹೊದಿಕೆಗಳು. ಯಾರೂ ಅವನತ್ತ ವಿಶೇಷವಾಗಿ ನೋಡಲಿಲ್ಲ. ಫೋಟೋ ಹಿಡಿಯುವವನು ಮತ್ತೆ ಬಂದಿದ್ದಾನೆ ಎಂದು ಒಬ್ಬ ಅಜ್ಜಿ ಮಾತ್ರ ತಲೆಯ ಬಟ್ಟೆ ಸರಿಮಾಡಿಕೊಂಡಳು. ಕಿಟಕಿಯ ಸೀಟಿನ ಮೇಲೆ ನೀರಿನ ಕ್ಯಾನಿತ್ತು. ಅದರ ಪಕ್ಕದ ಸೀಟೂ ಖಾಲಿ. ಅವನು ಎಣಿಸಿದ. ಒಂಬತ್ತು. ಮತ್ತೆ ಎಣಿಸಿದ.

“ಟೇಲರ್ ಎಲ್ಲಿ?” ಎಂದು ಕೇಳಿದ. ಎರಡು ತಿಂಗಳ ಹಿಂದಷ್ಟೇ ಸೇರಿದ್ದ, ಸೇತುವೆಯ ಆಚೆ ಮನೆಯ, ಕುಳ್ಳಗಿನ ಟೇಲರು.

“ಬೆಳಗಿನ ಪಾಳಿಗೆ ಹೋದ್ರು ಸಾರ್.”

ಯಾವತ್ತು ತೀರಿಕೊಂಡರು ಎಂದು ಅವನು ಪಿಸುಗುಟ್ಟಿ ಕೇಳಿದ.

“ಬಿಡ್ತು ಅನ್ನಿ ಸಾರ್. ಇವ್ರು ನಿಜವಾಗ್ಲೂ ಹೋದ್ರು. ನಡ್ಕೊಂಡು.” ಡ್ರೈವರು ಗೇರು ಬದಲಾಯಿಸಿದ, ಇಂಜಿನ್ ಕೆಮ್ಮಿತು. “ಹೊಸಬರು ನೋಡಿ, ನಮ್ಮ ಪದ್ಧತಿ ಗೊತ್ತಿರ್ಲಿಲ್ಲ. ಟೀಚರ್ ಎಲ್ಲಿ ಅಂತ ಕೇಳಿದ್ರು, ಎಲ್ಲರಿಗೂ ಹೇಳೋ ಹಾಗೆ ಹೇಳ್ದೆ. ಮುಖ ನೋಡಿದ್ರೆ ನಂಬಿದ ಹಾಗೆ ಕಾಣ್ಲಿಲ್ಲ. ಅರ್ಥ ಮಾಡ್ಕೊಂಡ್ರು ಬಿಡು ಅಂತ ನಾನೂ ಸುಮ್ಮನಾದೆ. ಆಮೇಲೆ ನಿಮ್ಮ ಪುಟದಲ್ಲಿ ಓದಿದ್ರಂತೆ, ಬರವಣಿಗೆಯಲ್ಲೇ ಇದೆ ಅಂದ್ರು. ನರ್ಸಮ್ಮನ ಕಾಲು ಹಿಡಿದು ಬುಧವಾರದಿಂದ ಬೆಳಗಿನ ಪಾಳಿ ಮಾಡಿಸಿಕೊಂಡಿದ್ದಾರೆ. ನಾನು ಹೇಳಿದ್ದನ್ನ ನಂಬಿರ್ಲಿಲ್ಲ ಸಾರ್. ನೀವು ಬರೆದದ್ದನ್ನ ನಂಬಿದ್ರು.”

ಅವನಿಗೆ ತಕ್ಷಣ ಬಂದ ಯೋಚನೆ ನಾಚಿಕೆಯದಲ್ಲ, ನಿರಾಳದ್ದು. ಹಾಗಾದರೆ ಹಿತೈಷಿ ಈ ಟೇಲರೇ. ವರದಿಗಾರನಲ್ಲ, ಭಾವನಲ್ಲ, ಯಾರೂ ತನ್ನನ್ನು ಹಿಡಿಯಲು ಹೊಂಚುತ್ತಿಲ್ಲ. ಆ ನಿರಾಳ ಒಂದು ಫರ್ಲಾಂಗು ಕೂಡ ಬಾಳಲಿಲ್ಲ. ಸೇತುವೆಯ ಆಚೆಯಿಂದ ಆಸ್ಪತ್ರೆಗೆ ಎಷ್ಟು ದೂರ ಎಂದು ಲೆಕ್ಕ ಹಾಕತೊಡಗಿದ, ಒಂದೂವರೆ ಗಂಟೆಯ ನಡಿಗೆ, ಆರಕ್ಕೆ ತಲುಪಬೇಕಾದರೆ ನಾಲ್ಕೂವರೆಗೆ ಮನೆ ಬಿಡಬೇಕು, ಮುಗಿಸಿಕೊಂಡು ಮೈಯೆಲ್ಲ ಹಿಂಡಿದ ಬಟ್ಟೆಯಂತಾದವನು ಮತ್ತೆ ಅಷ್ಟೇ ನಡೆಯಬೇಕು. ಇಷ್ಟು ದಿನ ಹಿತೈಷಿ ಯಾರಿರಬಹುದೆಂದು ಊರೆಲ್ಲ ಜಾಲಾಡಿದವನಿಗೆ ವ್ಯಾನಿನ ಒಳಗೆ ಕೂತವರ ನೆನಪೇ ಬರಲಿಲ್ಲ. ಅವರ ಕೈಯಲ್ಲೂ ಫೋನಿದೆ, ಅವರೂ ಓದುತ್ತಾರೆ, ತಮ್ಮ ಬಗ್ಗೆ ಬರೆದದ್ದನ್ನು ಎಲ್ಲರಿಗಿಂತ ಹೆಚ್ಚು ಗಮನವಿಟ್ಟು ಓದುತ್ತಾರೆ ಎಂದು ಅವನಿಗೆ ಒಂದು ಸಲವೂ ಹೊಳೆದಿರಲಿಲ್ಲ. ಅವರು ಫೋಟೋಕ್ಕೆ ಇದ್ದವರು.

ಟೇಲರು ಡಯಾಲಿಸಿಸ್ ವಿಭಾಗದ ಹೊರಗಿನ ಬೆಂಚಿನಲ್ಲಿ ಕೂತಿದ್ದ. ಪಾಳಿ ಮುಗಿದು ಒಂದು ಗಂಟೆಯಾಗಿರಬೇಕು. ಎಡದೋಳಿಗೆ ಹತ್ತಿಯ ಪಟ್ಟಿ, ಅದರ ಸುತ್ತ ನೇರಳೆ ಬಣ್ಣದ ಊತ, ತೊಡೆಯ ಮೇಲೆ ಬಟ್ಟೆಯ ಚೀಲ. ಹನ್ನೊಂದರ ಪಾಳಿಯವರು ಒಬ್ಬೊಬ್ಬರಾಗಿ ಒಳಗೆ ಹೋಗುವುದನ್ನು ಬಾಗಿಲ ಕಡೆ ಕಣ್ಣಿಟ್ಟು ನೋಡುತ್ತಿದ್ದ. ಇವನನ್ನು ಕಂಡು ಮುಖ ಅರಳಿತು. ಪುಟದ ಸಾರ್ ಅಲ್ಲವೇ ಎಂದು ಎದ್ದು ನಿಲ್ಲಲು ಹೋಗಿ, ತಲೆ ಸುತ್ತಿ ಮತ್ತೆ ಕೂತ. ಒಳ್ಳೇದಾಯಿತು ನೀವೇ ಬಂದದ್ದು, ಬರವಣಿಗೆಯಲ್ಲಿ ಕೇಳಿದರೆ ನಿಮಗೆ ಪುರುಸೊತ್ತಿರುವುದಿಲ್ಲ ಎಂದ. ಆಮೇಲೆ ಒಂದು ಮಾತಿಗೆ ಇನ್ನೊಂದು ಪೋಣಿಸಿಕೊಂಡು ತಾನಾಗಿಯೇ ಹೇಳುತ್ತ ಹೋದ. ಬುಧವಾರ ಟೀಚರ್ ಕಾಣಲಿಲ್ಲ, ರಜೆಯಿರಬೇಕು ಅಂದುಕೊಂಡೆ. ಇವತ್ತೂ ಕಾಣಲಿಲ್ಲ. ಪಾಳಿ ಮತ್ತೆ ಬದಲಾಯಿತೋ ಏನೋ ಎಂದು ಎಲ್ಲ ಪಾಳಿಯನ್ನೂ ಕಾದು ನೋಡಿಕೊಂಡೇ ಹೋಗೋಣ ಎಂದು ಕೂತಿದ್ದೇನೆ. ಚೀಲದಿಂದ ಬೂದುಬಣ್ಣದ ಸ್ವೆಟರೊಂದನ್ನು ತೆಗೆದ. ಎಡತೋಳನ್ನು ಮಣಿಕಟ್ಟಿನಿಂದ ಮೊಣಕೈ ಮೇಲಿನ ತನಕ ಸೀಳಿ ಒಂದು ಜಿಪ್ಪು ಕೂಡಿಸಿದ್ದ, ಹೊಲಿಗೆ ಹೊರಗಿನಿಂದ ಕಾಣದಷ್ಟು ಸಣ್ಣದು.

“ರಕ್ತ ಹೊರಗೆ ಹೋಗಿ ತಣ್ಣಗಾಗಿ ಬರುತ್ತಲ್ಲ ಸಾರ್, ಅವರಿಗೆ ಭಾಳ ಚಳಿ. ಸ್ವೆಟರ್ ಹಾಕಿದ್ರೆ ಸೂಜಿ ಚುಚ್ಚೋಕೆ ತೋಳು ಸಿಗಲ್ಲ. ಅದಕ್ಕೇ ಈ ಉಪಾಯ. ಹೀಗೆ ಎಳೆದ್ರೆ ಆಯ್ತು.” ಎಳೆದು ತೋರಿಸಿದ. “ಅವರು ನನಗೆ ಮಾಡಿದ್ದಕ್ಕೆ ಇದೇನು ಮಹಾ. ಹೊಟ್ಟೆಪಾಡಿಗೆ ಸೂಜಿ ಹಿಡಿದವನು ನಾನು, ಈ ಸೂಜಿ ಕಂಡ್ರೆ ಕೈಕಾಲು ನಡುಗೋದು. ಎಲ್ಲ ನಗ್ತಿದ್ರು. ಟೀಚರ್ ಪಕ್ಕದ ಹಾಸಿಗೆಯಿಂದ, ಹದಿನೇಳರ ಮಗ್ಗಿ ಹೇಳು ಅನ್ನೋರು. ಹದಿನೇಳೊಂದ್ಲ ಹದಿನೇಳು, ಅಂತ ಶುರು ಮಾಡ್ತೀನಿ, ಏಳ್ಲಕ್ಕೆ ಬಂದಾಗ ತಡವರಿಸ್ತೀನಿ. ಏನು ಮಾಡಿದ್ರೂ ಅದು ಬರಲ್ಲ ನನಗೆ. ಅವರು ಹೇಳಿಕೊಡೋರು. ಅಷ್ಟರಲ್ಲಿ ಸೂಜಿ ಒಳಗೆ ಹೋಗಿರ್ತಿತ್ತು.” ಊದಿಕೊಂಡ ತೋಳನ್ನು ನೋಡಿಕೊಂಡ. “ಇವತ್ತು ಏಳ್ಲಕ್ಕೆ ಬಂದು ನಿಂತೆ, ಯಾರೂ ಹೇಳ್ಲಿಲ್ಲ. ಕೈ ಎಳಕೊಂಡುಬಿಟ್ಟೆ. ಮೂರು ಸಲ ಚುಚ್ಚಿದ್ರು.”

ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಎಂದು ಅವನಿಗೆ ಅನ್ನಿಸಿತು. ಆದರೂ ಮನಸ್ಸು ತನ್ನ ಹಳೆಯ ಚಾಳಿ ಬಿಡದೆ ದಾರಿ ಹುಡುಕುತ್ತಿತ್ತು. ಊರಿಗೆ ಹೋಗಿದ್ದಾರೆ ಎನ್ನಬಹುದು. ಬೇರೆ ಆಸ್ಪತ್ರೆ ಎನ್ನಬಹುದು. ಒಂದು ವಾರ ಕಳೆದರೆ ಇಂಜಿನ್ ಬರುತ್ತದೆ. ಇವನೊಬ್ಬನಿಗೆ ನಿಜ ಹೇಳಿದರೆ ಇವನು ಬರೆಯುತ್ತಾನೆ, ಇವನು ಬರೆದರೆ ಪುಟ ಹೋಗುತ್ತದೆ, ಪುಟ ಹೋದರೆ ಒಳಗೆ ಹೋದ ಆ ಒಂಬತ್ತು ಮಂದಿ. ಲೆಕ್ಕ ಸರಿಯಾಗಿಯೇ ಇತ್ತು, ಭಾವನ ಲೆಕ್ಕದಂತೆ. ಅಷ್ಟರಲ್ಲಿ ಟೇಲರು ಸ್ವೆಟರನ್ನು ಅವನ ಕೈಗೆ ಕೊಡಲು ಚಾಚಿ, ನೀವಾದರೆ ಮನೆಗೇ ಮುಟ್ಟಿಸುತ್ತೀರಿ ಎಂದ. ತೆಗೆದುಕೊಳ್ಳಲು ಅವನ ಕೈ ಮೇಲೇಳಲಿಲ್ಲ.

“ಟೀಚರ್ ತೀರಿಕೊಂಡ್ರು,” ಎಂದ. “ಎರಡು ವಾರದ ಮೇಲಾಯ್ತು.”

ಟೇಲರು ಚಾಚಿದ ಕೈಯನ್ನು ಹಿಂದೆಳೆದುಕೊಂಡ. ಸ್ವೆಟರನ್ನು ತೊಡೆಯ ಮೇಲೆ ಹರಡಿ, ಜಿಪ್ಪನ್ನು ಮೇಲಿನವರೆಗೂ ಎಳೆದ, ಕೆಳಗಿಳಿಸಿದ, ಮತ್ತೆ ಎಳೆದ. ಕೆಲಸ ಸರಿಯಾಗಿದೆಯೇ ಎಂದು ಪರೀಕ್ಷಿಸುತ್ತಿರುವವನಂತೆ ಕಂಡ. ತಳ್ಳುಗಾಡಿಯಲ್ಲಿ ಸಲೈನ್ ಬಾಟಲಿಗಳನ್ನು ತುಂಬಿಕೊಂಡು ಹೋದ ನರ್ಸು, ಇಬ್ಬರೂ ಕಾಲು ಒಳಗೆಳೆದುಕೊಳ್ಳಿ ಎಂದಳು. ಎಳೆದುಕೊಂಡರು.

“ನಾನು ಕೇಳಿದಾಗ?” ಎಂದ ಟೇಲರು.

“ಆಗಲೇ ಇರ್ಲಿಲ್ಲ.”

“ಚೆನ್ನಾಗಿದ್ದಾರೆ ಅಂತ ಬರೆದ್ರಿ.”

“ಬರೆದೆ.”

ಟೇಲರು ಈಗ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದ. ಆ ನೋಟ ಅವನಿಗೆ ಚಿರಪರಿಚಿತವಾಗಿತ್ತು. ಬೆಳಿಗ್ಗೆ ಡ್ರೈವರ ಚೀಟಿಯನ್ನು ಬೆಳಕಿಗೆ ಹಿಡಿದದ್ದು ಇದೇ ನೋಟದಲ್ಲಿ, ಭಾವನ ಹುಬ್ಬನ್ನು ಅಳೆದದ್ದು ಇದೇ ನೋಟದಲ್ಲಿ. ಇಷ್ಟು ವರ್ಷ ಅದರ ಈಚೆ ಬದಿಯಲ್ಲೇ ಇದ್ದವನಿಗೆ ಆಚೆ ಬದಿಯಲ್ಲಿ ನಿಂತರೆ ಹೇಗಿರುತ್ತದೆಂದು ಗೊತ್ತಿರಲಿಲ್ಲ.

“ಹಾಗಾದ್ರೆ ಇಂಜಿನ್ ಕೆಟ್ಟಿದೆ ಅನ್ನೋದು?” ಎಂದು ಕೇಳಿದ ಟೇಲರು, ಸಿಟ್ಟಿಲ್ಲದೆ, ತಿಳಿದುಕೊಳ್ಳುವವನ ಹಾಗೆ. “ಜನ ದುಡ್ಡು ಹಾಕ್ತಿದ್ದಾರೆ ಅನ್ನೋದು? ಸೋಮವಾರ ವ್ಯಾನ್ ಬರುತ್ತೆ ಅನ್ನೋದು?”

ಅದೆಲ್ಲ ನಿಜ ಎಂದು ಅವನು ಹೇಳಿದ. ನಿಜ ಹೇಳುವಾಗಲೂ ತನ್ನ ದನಿ ಸುಳ್ಳಿನ ಹಾಗೇ ಕೇಳುತ್ತದೆಂದು ಅವನಿಗೆ ಆವತ್ತು ತಿಳಿಯಿತು. ಟೇಲರು ತಲೆಯಾಡಿಸಿ, ಸ್ವೆಟರನ್ನು ಅಂಗಡಿಯಲ್ಲಿ ಗಿರಾಕಿಗೆ ಮಡಚಿ ಕೊಡುವಷ್ಟು ಜೋಪಾನವಾಗಿ ಮಡಚಿ ಚೀಲಕ್ಕೆ ಹಾಕಿಕೊಂಡ. ವ್ಯಾನಿನಲ್ಲಿ ಮನೆಗೆ ಬಿಡುತ್ತೇವೆ ಎಂದರೆ ಬೇಡವೆಂದ. ಗೋಡೆಗೆ ಒಂದು ಕೈ ಆನಿಸಿಕೊಂಡು ಕಾರಿಡಾರಿನುದ್ದಕ್ಕೂ ಹೋದ. ನರ್ಸಿಗೆ ಹೇಳಿ ಟೇಲರನ ಹೆಸರನ್ನು ಮತ್ತೆ ಹನ್ನೊಂದರ ಪಾಳಿಗೆ ಹಾಕಿಸಿ, ಅದನ್ನು ಟೇಲರನಿಗೆ ಫೋನಿನಲ್ಲಿ ತಿಳಿಸುವಂತೆ ಕೇಳಿಕೊಂಡದ್ದೊಂದೇ ಅವನಿಂದ ಆದ ಕೆಲಸ. ಆ ಹೊತ್ತಿಗೆ ಅವನಿಗೆ ಅಳು ಬಂತು, ಔಷಧಿಯ ಪೋಸ್ಟರೊಂದನ್ನು ಓದುವವನಂತೆ ಗೋಡೆಗೆ ಮುಖ ಮಾಡಿ ನಿಂತ. ಪೋಸ್ಟರಿನಲ್ಲಿ ಎರಡು ಅಕ್ಷರದ ತಪ್ಪಿತ್ತು.

ಪತ್ರಿಕೆಯ ಕಾಲದಲ್ಲಿ ತಿದ್ದುಪಡಿಗಳನ್ನು ಒಳಪುಟದ ತಳದಲ್ಲಿ, ಎಣ್ಣೆಮಸಿಯ ಚುಕ್ಕೆಯೆಂದು ಜನ ದಾಟಿಬಿಡುವಷ್ಟು ಸಣ್ಣ ಅಕ್ಷರದಲ್ಲಿ ಹಾಕುತ್ತಿದ್ದರು. ಅವನು ಆವತ್ತು ಮಧ್ಯಾಹ್ನ ಟೀಚರ ತಂಗಿಗೆ ಫೋನ್ ಮಾಡಿ ಬೈಗುಳ ತಿಂದು, ಪುಟದಿಂದ ಫೋಟೋ ತೆಗೆದುಹಾಕಿ, ತಲೆಬರಹ ಇದ್ದ ಜಾಗದಲ್ಲೇ ಅದೇ ದಪ್ಪಕ್ಷರದಲ್ಲಿ ಬರೆದ: ಟೀಚರ್ ತೀರಿಕೊಂಡು ಎರಡು ವಾರದ ಮೇಲಾಗಿದೆ, ಇದ್ದಾರೆಂದು ಬರೆದವನು ನಾನು, ಹಣ ವಾಪಸು ಬೇಕಾದವರು ಕೇಳಬಹುದು, ಇಂಜಿನ್ ಇನ್ನೂ ಬೇಕು. ಭಾವನನ್ನು ಕೇಳಲಿಲ್ಲ. ಸಂಜೆ ಭಾವ ಓದಿ, ಅಂಗಡಿಯ ದೀಪ ಆರಿಸಿಕೊಂಡು ಹೋದರು. ಅಕ್ಕ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. ಸತ್ತವರ ಹೆಸರಲ್ಲಿ ತಿನ್ನುವವರು ಎಂದು ಒಬ್ಬ ಬರೆದಿದ್ದ, ಕೆಳಗೆ ತನ್ನ ಪೂರ್ತಿ ಹೆಸರು, ಊರು, ಫೋನ್ ನಂಬರು. ಬೈದವರೆಲ್ಲ ಹೆಸರು ಹಾಕಿಯೇ ಬೈದಿದ್ದರು. ಕೆಲವರು ಹಣ ವಾಪಸು ಕೇಳಿದರು, ಕೆಲವರು ಏನೂ ಹೇಳದೆ ಇನ್ನಷ್ಟು ಹಾಕಿದರು, ಬಂದ ಹಣ ತೋರಿಸುವ, ಮುಕ್ಕಾಲಿಗೆ ಏರಿದ್ದ ಪಟ್ಟಿ ಒಂದಿಷ್ಟು ಹಿಂದೆ ಸರಿದು ನಿಂತಿತು. ಅವನು ಭಾನುವಾರವಿಡೀ ಒಂದೊಂದನ್ನೂ ಓದಿ ಒಂದೊಂದಕ್ಕೂ ಉತ್ತರಿಸಿದ. ಹಿತೈಷಿ ಮಾತ್ರ ಏನೂ ಬರೆಯಲಿಲ್ಲ.

ಸೋಮವಾರ ಅವನು ಡ್ರೈವರ ಜೊತೆ ಹೊರಟ. ಬರುವುದು ಬೇಡ ಎಂದು ಡ್ರೈವರೂ ಹೇಳಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ. ಒಂಬತ್ತು ಮಂದಿ ಹತ್ತಿದ ಮೇಲೆ ವ್ಯಾನು ಸೇತುವೆ ದಾಟಿ ಟೇಲರನ ಮನೆಯ ಮುಂದೆ ನಿಂತು ಎರಡು ಸಲ ಹಾರ್ನ್ ಹೊಡೆಯಿತು. ಬಾಗಿಲಿಗೆ ಬೀಗ. ಪಕ್ಕದ ಮನೆಯ ಹೆಂಗಸು ಕಿಟಕಿಯಿಂದಲೇ, ಅವರು ಒಂಬತ್ತಕ್ಕೇ ನಡ್ಕೊಂಡು ಹೋದ್ರಲ್ಲ, ವ್ಯಾನು ಬರುತ್ತೋ ಇಲ್ವೋ ಯಾರಿಗೆ ಗೊತ್ತು ಅಂದ್ರು, ಎಂದಳು. ಯಾವ ದಾರಿಯೆಂದು ಕೇಳಿ ವ್ಯಾನು ತಿರುಗಿಸಿದರು. ಹೊಳೆಯ ಪಕ್ಕದ ನೇರ ರಸ್ತೆಯಲ್ಲಿ, ಮುಚ್ಚಿದ ಪೆಟ್ರೋಲ್ ಬಂಕಿನ ಆಚೆ, ಚೀಲ ಹೆಗಲಿಗೇರಿಸಿಕೊಂಡು ಹೋಗುತ್ತಿರುವ ಕುಳ್ಳ ಆಕೃತಿ ಕಂಡಿತು. ನಾಲ್ಕು ಹೆಜ್ಜೆ ನಡೆಯುವುದು, ನಿಲ್ಲುವುದು, ಮತ್ತೆ ನಾಲ್ಕು ಹೆಜ್ಜೆ. ಡ್ರೈವರು ಪಕ್ಕಕ್ಕೆ ತಂದು, ಹತ್ತಿ ಅಣ್ಣ ಎಂದ. ಟೇಲರು ವ್ಯಾನನ್ನು ನೋಡಿದ, ಒಳಗೆ ಕೂತವರನ್ನು ನೋಡಿದ, ಮುಂದೆ ಕೂತ ಅವನನ್ನು ನೋಡಿದ.

“ಇದು ಆಸ್ಪತ್ರೆಗೇ ತಾನೇ ಹೋಗೋದು?” ಎಂದು ಡ್ರೈವರನ್ನು ಕೇಳಿದ.

“ಇನ್ನೆಲ್ಲಿಗೆ ಅಣ್ಣ?”

“ಏನೋಪ್ಪ. ನನಗೆ ನಡೆದು ಅಭ್ಯಾಸ ಆಯ್ತು.” ಮುಂದೆ ನಡೆದ.

ವ್ಯಾನು ಅವನ ಹಿಂದೆ ತೆವಳಿತು. ಒಳಗಿನ ಒಂಬತ್ತು ಮಂದಿ ಕಿಟಕಿಗೆ ಮುಖವಿಟ್ಟು ನೋಡುತ್ತಿದ್ದರು. ಈ ಸಲ ಯಾರೂ ಬೇರೆ ಕಡೆ ತಿರುಗಲಿಲ್ಲ. ಶಾಖ ತೋರಿಸುವ ಮುಳ್ಳು ಕೆಂಪು ಗೆರೆಯತ್ತ ಏರತೊಡಗಿತು. ಹೀಗೆ ಉರುಳಿಸಿಕೊಂಡು ಹೋದರೆ ಇಂಜಿನ್ ಇಲ್ಲೇ ಪ್ರಾಣ ಬಿಡುತ್ತೆ ಸಾರ್, ಏನಾದರೂ ಹೇಳಿ ಹತ್ತಿಸಿ ಎಂದು ಡ್ರೈವರು ಗೋಗರೆದ. ಅವನು ಇಳಿದ. ಟೇಲರನಿಂದ ಆರು ಅಡಿ ದೂರ ಬಿಟ್ಟು ಅವನ ಜೊತೆಗೇ ನಡೆದ. ಏನು ಹೇಳುವುದು? ಇವತ್ತು ವ್ಯಾನು ಬಂದಿದೆ, ನೋಡಿ, ಎನ್ನಬಹುದಿತ್ತು. ನನ್ನನ್ನು ಕ್ಷಮಿಸಿ ಎನ್ನಬಹುದಿತ್ತು. ಬಾಯಿಗೆ ಬಂದ ಒಂದೊಂದು ವಾಕ್ಯವೂ ಅವನಿಗೆ ಪುಟಕ್ಕೆ ಬರೆದದ್ದರಂತೆ, ಚೆನ್ನಾಗಿ ತಿದ್ದಿದ್ದರಂತೆ ಕೇಳಿಸಿತು. ಸುಮ್ಮನೆ ನಡೆದ. ಟೇಲರು ಮಾಸ್ಕಿನೊಳಗೆ ಏನೋ ಗೊಣಗುತ್ತಿದ್ದ. ಸೂಜಿಗೆ ಇನ್ನೂ ಒಂದು ಗಂಟೆಯಿತ್ತು, ಅವನು ಆಗಲೇ ಶುರು ಮಾಡಿಕೊಂಡಿದ್ದ. ಹದಿನೇಳೈದ್ಲ ಎಂಬತ್ತೈದು. ಹದಿನೇಳಾರ್ಲ ನೂರಾ ಎರಡು. ಹದಿನೇಳೇಳ್ಲ. ನಿಂತ. ಹದಿನೇಳೇಳ್ಲ.

“ನೂರಾ ಹತ್ತೊಂಬತ್ತು,” ಎಂದ ಅವನು.

ಟೇಲರು ತಿರುಗಿ ಅವನನ್ನು ಓರೆಗಣ್ಣಿನಿಂದ ನೋಡಿದ. ಹೆಗಲಿನ ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನೂರಾ ಎರಡರಿಂದ ಮುಂದಕ್ಕೆ, ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿಕೊಳ್ಳುತ್ತ ಎಣಿಸಿದ. ಹದಿನೇಳು ಗೆಣ್ಣು ಮುಗಿಯುವ ತನಕ ಹಿಂದೆ ಇಂಜಿನ್ ಗೊರಗೊರ ಎನ್ನುತ್ತಿತ್ತು.

“ಸರಿಯಿದೆ,” ಎಂದ. ನಾಲ್ಕು ಹೆಜ್ಜೆ ನಡೆದು, “ಎಂಟ್ಲ?” ಎಂದು ಕೇಳಿದ.

“ನೂರಾ ಮೂವತ್ತಾರು.”

ಅದನ್ನೂ ಎಣಿಸಿ ನೋಡಿದ. ಡ್ರೈವರು ಕೈ ಚಾಚಿ ಪಕ್ಕದ ಬಾಗಿಲನ್ನು ತೆರೆದಿಟ್ಟಿದ್ದ. ಯಾರೋ ಒಳಗಿನಿಂದ ಕಿಟಕಿಯ ಸೀಟಿನ ಮೇಲಿದ್ದ ನೀರಿನ ಕ್ಯಾನನ್ನು ಎತ್ತಿ ಕೆಳಗಿಟ್ಟರು. ಟೇಲರು ನಿಧಾನವಾಗಿ ಬಾಗಿಲ ಬಳಿ ಬಂದು, ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟ. ಇನ್ನೊಂದು ಕಾಲು ರಸ್ತೆಯ ಮೇಲೇ ಇತ್ತು.

“ಒಂಬತ್ಲ?”

“ನೂರಾ ಐವತ್ಮೂರು,” ಎಂದ ಅವನು. ಟೇಲರು ಹಾಗೆಯೇ ನಿಂತು, ಅವನ ಮುಖದ ಮೇಲಿಂದ ಕಣ್ಣು ತೆಗೆಯದೆ, ಮತ್ತೆ ಬೆರಳು ಎಣಿಸತೊಡಗಿದ.